ಪುಣೆಯಿಂದ ಮರುಭೂಮಿಗೆ ಎಷ್ಟು ದೂರ? ಸೇನೆಯ ‘ಕೋರ್’ ವ್ಯವಸ್ಥೆ ಮತ್ತು ಥಿಯೇಟರ್ ಕಮಾಂಡ್ ಚರ್ಚೆ

2020ರ ಜೂನ್ 6ರಂದು ಪೂರ್ವ ಲಡಾಖ್‌ನ ಚುಶೂಲ್‌ಗೆ ಎದುರಾಗಿರುವ ಮೊಲ್ಡೊದಲ್ಲಿ ಭಾರತ ಮತ್ತು ಚೀನಾದ ಸೇನಾಧಿಕಾರಿಗಳು ಗಡಿ ಬಿಕ್ಕಟ್ಟಿನ ಬಗ್ಗೆ ಮಾತುಕತೆಗೆ ಕುಳಿತರು. ಅಲ್ಲಿಂದ 2024ರ ಫೆಬ್ರವರಿಯವರೆಗೆ ಅಂಥ 21 ಸುತ್ತುಗಳು ನಡೆದವು. ಪ್ರತಿ ಸುತ್ತಿನ ಮರುದಿನವೂ ಕನ್ನಡ ಪತ್ರಿಕೆಗಳಲ್ಲಿ ‘ಕೋರ್ ಕಮಾಂಡರ್ ಮಟ್ಟದ ಮಾತುಕತೆ’ ಎಂಬ ಮಾತು ಅಚ್ಚಾಗುತ್ತಿತ್ತು. ಓದಿ ಓದಿ ಅದು ನಮಗೆ ಬಾಯಿಪಾಠವೂ ಆಯಿತು. ಆದರೆ ಈ ಕೋರ್ ಎಂದರೇನು, ಮಾತುಕತೆಗೆ ಅದರ ಮುಖ್ಯಸ್ಥನೇ ಏಕೆ ಹೋಗಬೇಕಾಯಿತು ಎಂದು ವಿವರಿಸುವ ಗೋಜಿಗೆ ಹೋದವರು ಕಡಿಮೆ. ಭೂ, ವಾಯು, ನೌಕಾ ಸೇನೆಗಳನ್ನು ಬೆಸೆದು, ಒಂದೊಂದು ದಿಕ್ಕಿಗೆ ಒಬ್ಬನೇ ಮುಖ್ಯಸ್ಥನಿರುವ ಥಿಯೇಟರ್ ಕಮಾಂಡ್‌ಗಳನ್ನು ಕಟ್ಟುವ ಚರ್ಚೆ ನಡೆದಿರುವ ಈ ಹೊತ್ತಿನಲ್ಲಿ ಆ ಪ್ರಶ್ನೆಗೆ ಉತ್ತರ ಹುಡುಕುವುದು ಅಗತ್ಯ. ದಕ್ಷಿಣ ಕಮಾಂಡ್‌ನ ಪ್ರಧಾನ ಕಚೇರಿಯ ಬೇಲಿಯ ಪಕ್ಕದಲ್ಲೇ ದಿನವೂ ಓಡಾಡುವ ಪುಣೆಯ ಕನ್ನಡಿಗರಿಗಂತೂ ಅದು ಮನೆಯಂಗಳದ ಪ್ರಶ್ನೆ.

ಲಡಾಖ್‌ನಲ್ಲಿ ಮೊದಲು ಕೆಳಹಂತದ ಅಧಿಕಾರಿಗಳು, ಅನಂತರ ಡಿವಿಷನ್‌ನ ಮೇಜರ್ ಜನರಲ್‌ಗಳು ಮಾತನಾಡಿದ್ದರು, ಕೆಲಸ ಆಗಲಿಲ್ಲ. ದೆಪ್ಸಾಂಗ್, ಗಲ್ವಾನ್, ಪ್ಯಾಂಗಾಂಗ್ ಸರೋವರ, ದೆಮ್‌ಚೋಕ್ ಎಂಬ ದೂರದೂರದ ಬಿಂದುಗಳೆಲ್ಲ ಒಂದೇ ನಕ್ಷೆಯಲ್ಲಿ, ಒಬ್ಬನೇ ಅಧಿಕಾರಿಯ ಹೊಣೆಯಲ್ಲಿ ಬರುವ ಅತಿ ಕೆಳಗಿನ ಮೆಟ್ಟಿಲು ಲೇಹ್‌ನ 14ನೇ ಕೋರ್. ಅದಕ್ಕಿಂತ ಕೆಳಗಿನವನಿಗೆ ಇಡೀ ಗಡಿ ಕಾಣದು. ಅದಕ್ಕಿಂತ ಮೇಲೆ, ಉಧಮ್‌ಪುರದಲ್ಲಿರುವ ಉತ್ತರ ಕಮಾಂಡ್‌ನ ಮುಖ್ಯಸ್ಥನಿಗೆ ಲಡಾಖ್ ಜೊತೆಗೆ ಕಾಶ್ಮೀರ ಕಣಿವೆ, ಪೀರ್ ಪಂಜಾಲ್‌ನ ದಕ್ಷಿಣ ಭಾಗ ಎಲ್ಲವೂ ತಲೆಯ ಮೇಲಿರುತ್ತವೆ. ಒಂದು ರಣಭೂಮಿಯನ್ನು ಪೂರ್ತಿಯಾಗಿ ಕಾಣಬಲ್ಲ, ಆದರೂ ಬೆಳಿಗ್ಗೆ ಹೆಲಿಕಾಪ್ಟರ್ ಹತ್ತಿ ಮುಂಚೂಣಿಯ ಠಾಣೆಗೆ ಹೋಗಿ ಸಂಜೆಯೊಳಗೆ ಮರಳಬಲ್ಲ ಅಧಿಕಾರಿ ಕೂರುವ ಜಾಗವೇ ಕೋರ್. ಸೇನಾ ಕೈಪಿಡಿಗಳ ವ್ಯಾಖ್ಯೆ ಬೇರೆಯಿರಬಹುದು. ಅದರ ಚರಿತ್ರೆಯನ್ನು ಅರ್ಥ ಮಾಡಿಕೊಳ್ಳಲು ನನಗೆ ಈ ವ್ಯಾಖ್ಯೆಯೇ ಹೆಚ್ಚು ಉಪಯುಕ್ತವಾಗಿ ಕಂಡಿದೆ.

ಮೊದಲಿಗೆ ಪದದ ಗೊಂದಲವೊಂದನ್ನು ನಿವಾರಿಸಿಕೊಳ್ಳಬೇಕು. ಪುಣೆಯಲ್ಲಿ ಈ ಪದ ಹಲವು ಅರ್ಥಗಳಲ್ಲಿ ಕಿವಿಗೆ ಬೀಳುತ್ತದೆ. ದಾಪೋಡಿಯ ಮಿಲಿಟರಿ ಎಂಜಿನಿಯರಿಂಗ್ ಕಾಲೇಜು ‘ಕೋರ್ ಆಫ್ ಎಂಜಿನಿಯರ್ಸ್’ಗೆ ಸೇರಿದ್ದು, ವಾನವಡಿಯ ಸೇನಾ ವೈದ್ಯಕೀಯ ಕಾಲೇಜಿನಿಂದ ಹೊರಬರುವವರಲ್ಲಿ ಅನೇಕರು ‘ಆರ್ಮಿ ಮೆಡಿಕಲ್ ಕೋರ್’ಗೆ ಹೋಗುತ್ತಾರೆ, ನಮ್ಮ ಮಕ್ಕಳು ಶಾಲೆಯಲ್ಲಿ ಸೇರುವ ಎನ್‌ಸಿಸಿಯ ಕೊನೆಯ ‘ಸಿ’ ಕೂಡ ಇದೇ ಪದ. ಅಲ್ಲೆಲ್ಲ ಅದಕ್ಕೆ ಒಂದೇ ವೃತ್ತಿಯವರ ಬಳಗ ಎಂಬರ್ಥ. ಹೆಚ್ಚು ಕಡಿಮೆ ನಮ್ಮ ‘ಇಲಾಖೆ’ ಎಂಬ ಮಾತಿನಂತೆ. ಈ ಲೇಖನದ ವಿಷಯವಾದ ರಣಕ್ಷೇತ್ರದ ಕೋರ್ ಬೇರೆಯೇ. ಅದರಲ್ಲಿ ಎಲ್ಲ ವೃತ್ತಿಯವರೂ ಇರುತ್ತಾರೆ: ಕಾಲಾಳು, ಟ್ಯಾಂಕ್, ಫಿರಂಗಿ, ಎಂಜಿನಿಯರ್, ಸಿಗ್ನಲ್ಸ್, ವೈದ್ಯ, ಅಡುಗೆಯವ. ಅದಕ್ಕೆ ಹೆಸರಿಗಿಂತ ಮೊದಲು ಸಂಖ್ಯೆ ಇರುತ್ತದೆ. ಚಿನಾರ್, ಕೋನಾರ್ಕ್, ಸುದರ್ಶನ ಚಕ್ರ, ಗಜರಾಜ್ ಮುಂತಾದ ಹೆಸರುಗಳು ಆ ಸಂಖ್ಯೆಗೆ ತೊಡಿಸಿದ ಪೇಟಗಳು.

ಸೈನ್ಯದ ಲೆಕ್ಕಾಚಾರ ನಮಗೆ ಹೊಸದಲ್ಲ. ಮಹಾಭಾರತದ ಅಕ್ಷೌಹಿಣಿಯ ಲೆಕ್ಕ ಬಲ್ಲವರಿಗೆ ಗೊತ್ತು: ಒಂದು ರಥ, ಒಂದು ಆನೆ, ಮೂರು ಕುದುರೆ, ಐವರು ಕಾಲಾಳುಗಳ ‘ಪತ್ತಿ’ಯಿಂದ ತೊಡಗಿ ಸೇನಾಮುಖ, ಗುಲ್ಮ, ಗಣ, ವಾಹಿನಿ, ಪೃತನಾ, ಚಮೂ, ಅನೀಕಿನಿ ಎಂದು ಪ್ರತಿ ಹಂತದಲ್ಲೂ ಮೂರರಿಂದ ಗುಣಿಸುತ್ತ ಹೋಗಿ, ಕೊನೆಯಲ್ಲಿ ಒಮ್ಮೆಲೇ ಹತ್ತರಿಂದ ಗುಣಿಸಿದಾಗ 21,870 ರಥಗಳ ಅಕ್ಷೌಹಿಣಿ ಸಿದ್ಧವಾಗುತ್ತದೆ. ಸ್ವಾರಸ್ಯವೆಂದರೆ ಇಂದಿನ ಸೇನೆಯೂ ಮೂರರ ಮಗ್ಗಿಯಲ್ಲೇ ಏರುತ್ತದೆ. ಹತ್ತು ಜನರ ಸೆಕ್ಷನ್ ಮೂರು ಸೇರಿದರೆ ಪ್ಲಟೂನ್, ಮೂರು ಪ್ಲಟೂನ್ ಸೇರಿದರೆ ಕಂಪನಿ. ಕಂಪನಿಗಳು ಸೇರಿ ಸುಮಾರು 800 ಜನರ ಬೆಟಾಲಿಯನ್ ಆಗುತ್ತದೆ. ನಮ್ಮ ಬೆಳಗಾವಿ ಕಡೆಯ ಯೋಧರ ಬಾಯಲ್ಲಿ ಅದೇ ‘ಪಲ್ಟನ್’. ಮೂರು ಬೆಟಾಲಿಯನ್‌ಗೆ ಒಂದು ಬ್ರಿಗೇಡ್, ಮೂರು ಬ್ರಿಗೇಡ್‌ಗೆ ಒಂದು ಡಿವಿಷನ್. ಡಿವಿಷನ್ ಎಂದರೆ ಸುಮಾರು 15ರಿಂದ 18 ಸಾವಿರ ಜನ. ಇಲ್ಲಿಗೆ ಮಗ್ಗಿ ಮುಗಿಯುತ್ತದೆ. ಕೋರ್‌ಗೆ ಇಂತಿಷ್ಟೇ ಎಂಬ ಲೆಕ್ಕವಿಲ್ಲ. ಅದರ ಕೆಳಗೆ ಎರಡು ಡಿವಿಷನ್ ಇರಬಹುದು, ನಾಲ್ಕೂ ಇರಬಹುದು. ಈ ವರ್ಷ ಇದ್ದ ಡಿವಿಷನ್ ಬರುವ ವರ್ಷ ಇನ್ನೊಂದು ಕೋರ್‌ಗೆ ಹೋಗಬಹುದು.

ಡಿವಿಷನ್‌ಗಳು ಹೀಗೆ ಬಂದುಹೋಗುವಾಗ ಕೋರ್‌ನಲ್ಲಿ ಸ್ಥಿರವಾಗಿ ಉಳಿಯುವುದು ಏನು? ಒಂದು ಕಚೇರಿ, ಮತ್ತು ಅದರ ಕೈಯಲ್ಲೇ ನೇರವಾಗಿರುವ ಕೆಲವು ಪಡೆಗಳು. ಕಚೇರಿಯ ತಲೆಯಲ್ಲಿ ಒಬ್ಬ ಲೆಫ್ಟಿನೆಂಟ್ ಜನರಲ್. ಅವನ ಬಲಗೈಯಾಗಿ ಚೀಫ್ ಆಫ್ ಸ್ಟಾಫ್ ಹುದ್ದೆಯ ಮೇಜರ್ ಜನರಲ್. ಕಾರ್ಯಾಚರಣೆ, ಗುಪ್ತಮಾಹಿತಿ, ಸಿಬ್ಬಂದಿ, ಸರಬರಾಜು ಎಂದು ಹಂಚಿಕೊಂಡ ವಿಭಾಗಗಳು. ನೇರ ಪಡೆಗಳೆಂದರೆ ಫಿರಂಗಿ, ವಾಯುರಕ್ಷಣೆ ಮತ್ತು ಎಂಜಿನಿಯರ್‌ಗಳ ದಳಗಳು, ಸಂದೇಶ ಜಾಲವನ್ನು ಕಾಯುವ ಸಿಗ್ನಲ್ಸ್ ರೆಜಿಮೆಂಟ್, ಮದ್ದುಗುಂಡು ಮತ್ತು ಇಂಧನದ ಕೋಠಿಗಳು. ಯುದ್ಧದ ದಿನ ಯಾವ ಡಿವಿಷನ್‌ಗೆ ಹೆಚ್ಚಿನ ಫಿರಂಗಿ, ಯಾವುದಕ್ಕೆ ಸೇತುವೆ ಕಟ್ಟುವವರು, ಯಾವ ರಸ್ತೆಯಲ್ಲಿ ಮೊದಲು ಟ್ಯಾಂಕ್, ಯಾವುದರಲ್ಲಿ ಮೊದಲು ಪೆಟ್ರೋಲ್ ಟ್ಯಾಂಕರ್ ಎಂದು ತೀರ್ಮಾನಿಸುವುದೇ ಈ ಕಚೇರಿಯ ಕೆಲಸ. ಹೊರಗಿನಿಂದ ನೋಡುವವರಿಗೆ ಇದು ಗುಮಾಸ್ತಗಿರಿಯಂತೆ ಕಾಣುತ್ತದೆ. ಆ ಗುಮಾಸ್ತಗಿರಿ ಕೈಕೊಟ್ಟಾಗ ಏನಾಗುತ್ತದೆ ಎಂಬುದಕ್ಕೆ ಪುಣೆಯ ಹೆಸರನ್ನೇ ಹೊತ್ತ ಡಿವಿಷನ್ ಒಂದರ ದುರಂತಕಥೆಯಿದೆ.

ಕಲ್ಪನೆಯ ಮೂಲ ಫ್ರಾನ್ಸ್. ನೆಪೋಲಿಯನ್ ತನ್ನ ಭಾರಿ ಸೇನೆಯನ್ನು ಕೋರ್‌ಗಳಾಗಿ ಒಡೆದು, ಪ್ರತಿಯೊಂದಕ್ಕೂ ಕಾಲಾಳು, ಕುದುರೆ, ಫಿರಂಗಿ ಎಲ್ಲವನ್ನೂ ಕೊಟ್ಟು, ಬೇರೆ ಬೇರೆ ದಾರಿಗಳಲ್ಲಿ ನಡೆಸಿದ. ದಾರಿ ಬೇರೆಯಾದ್ದರಿಂದ ಸೇನೆ ಬೇಗ ಸಾಗುತ್ತಿತ್ತು, ಊರೂರಲ್ಲಿ ಅನ್ನ-ಮೇವೂ ಸಿಗುತ್ತಿತ್ತು. ಯಾವುದೇ ಒಂದು ಕೋರ್ ಶತ್ರುವಿಗೆ ಎದುರಾದರೆ ಉಳಿದವು ಬರುವವರೆಗೆ, ಅಂದರೆ ಒಂದು ದಿನದ ಮಟ್ಟಿಗಾದರೂ ಅದು ತಾನೇ ತಡೆದು ನಿಲ್ಲಬೇಕು. 1806ರ ಅಕ್ಟೋಬರ್ 14ರಂದು ಔಯರ್‌ಸ್ಟೆಟ್‌ನಲ್ಲಿ ನೆಪೋಲಿಯನ್‌ನ ಸೇನಾಪತಿ ದವೂನ 3ನೇ ಕೋರ್ ತನಗಿಂತ ಎರಡು ಪಟ್ಟಿಗೂ ಹೆಚ್ಚಿದ್ದ ಪ್ರಷ್ಯಾದ ಮುಖ್ಯ ಸೇನೆಗೆ ಎದುರಾಯಿತು. ತಡೆದದ್ದಷ್ಟೇ ಅಲ್ಲ, ಗೆದ್ದಿತು.

ಬ್ರಿಟಿಷ್ ಭಾರತದ ಸೇನೆ ಈ ಪಾಠವನ್ನು ತಡವಾಗಿ ಕಲಿಯಿತು. 1914ರಲ್ಲಿ ಫ್ರಾನ್ಸ್‌ಗೆ ಹೋದ ‘ಇಂಡಿಯನ್ ಕೋರ್’ನಲ್ಲಿ ಲಾಹೋರ್ ಮತ್ತು ಮೀರತ್ ಡಿವಿಷನ್‌ಗಳಿದ್ದವು. ಅದೇ ಹೊತ್ತಿಗೆ 6ನೇ ಡಿವಿಷನ್, ಅಂದರೆ ‘ಪೂನಾ ಡಿವಿಷನ್’, ಮೆಸಪೊಟೇಮಿಯಾಕ್ಕೆ (ಇಂದಿನ ಇರಾಕ್) ಹೋಗಿ ಬಸ್ರಾವನ್ನು ಹಿಡಿಯಿತು. 1915ರಲ್ಲಿ ಅದು ಜನರಲ್ ಟೌನ್‌ಶೆಂಡ್‌ನ ನಾಯಕತ್ವದಲ್ಲಿ ಟೈಗ್ರಿಸ್ ನದಿಗುಂಟ ಮೇಲೇರಿ ಬಾಗ್ದಾದಿನ ಹೊಸ್ತಿಲಿನವರೆಗೆ ಹೋಗಿ, ಟೆಸಿಫಾನ್‌ನಲ್ಲಿ ತುರ್ಕರಿಂದ ಪೆಟ್ಟು ತಿಂದು ಹಿಂದೆ ಸರಿದು, ಡಿಸೆಂಬರ್ 7ರ ಹೊತ್ತಿಗೆ ಕೂಟ್ ಎಂಬ ಊರಿನಲ್ಲಿ ಮುತ್ತಿಗೆಗೆ ಸಿಕ್ಕಿತು. ಆ ಡಿವಿಷನ್‌ನಲ್ಲಿ ಮರಾಠಾ ಪಲ್ಟನ್‌ಗಳೂ ಬಾಂಬೆ ಸ್ಯಾಪರ್ಸ್‌ನ ತುಕಡಿಗಳೂ ಇದ್ದವು. ಬಿಡುಗಡೆಗೆಂದು ‘ಟೈಗ್ರಿಸ್ ಕೋರ್’ ಎಂಬ ಹೊಸ ಕೋರ್ ಹುಟ್ಟಿತು. ಫ್ರಾನ್ಸ್‌ನಲ್ಲಿ ಒಂದು ವರ್ಷ ಪಳಗಿದ್ದ ಇಂಡಿಯನ್ ಕೋರ್ ಅಷ್ಟರಲ್ಲಿ ವಿಸರ್ಜನೆಯಾಗಿತ್ತು. ಅದರ ಡಿವಿಷನ್‌ಗಳು ತುಂಡುತುಂಡಾಗಿ ಹಡಗುಗಳಲ್ಲಿ ಬಂದಿಳಿದವು. ಹೊಸ ಕಚೇರಿಯ ಅಧಿಕಾರಿಗಳನ್ನು ಸಿಕ್ಕಸಿಕ್ಕಲ್ಲಿಂದ ಹೆಕ್ಕಿ ತರಲಾಗಿತ್ತು. ದೋಣಿಗಳಿಲ್ಲ, ಆಸ್ಪತ್ರೆಗಳಿಲ್ಲ, ಫಿರಂಗಿಗಳು ಸಾಲವು. ಸೈನಿಕರ ಧೈರ್ಯಕ್ಕೇನೂ ಕೊರತೆಯಿರಲಿಲ್ಲ. ಬಿಡಿಸಲು ಹೋದವರಲ್ಲೇ ಸುಮಾರು 23,000 ಮಂದಿ ಸತ್ತರು ಇಲ್ಲವೇ ಗಾಯಗೊಂಡರು. ಕೂಟ್ 1916ರ ಏಪ್ರಿಲ್ 29ರಂದು ಶರಣಾಯಿತು, ಸುಮಾರು 13,000 ಮಂದಿ ಸೆರೆಯಾದರು. ಡಿವಿಷನ್‌ಗಳನ್ನು ಹಡಗಿನಲ್ಲಿ ತರಬಹುದು. ಅವನ್ನು ಒಟ್ಟಿಗೆ ಆಡಿಸುವ ಕಚೇರಿ ಒಂದು ತಿಂಗಳಲ್ಲಿ ಕುದುರುವುದಿಲ್ಲ ಎಂಬುದನ್ನು ಟೈಗ್ರಿಸ್ ಕೋರ್ ತೋರಿಸಿಕೊಟ್ಟಿತು.

ಕುದುರಿದ ಕೋರ್ ಏನು ಮಾಡಬಲ್ಲದು ಎಂಬುದಕ್ಕೂ ಅದೇ ಯುದ್ಧದಲ್ಲಿ ನಿದರ್ಶನವಿದೆ. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧ್‌ಪುರ ಲ್ಯಾನ್ಸರ್ಸ್ ಹೈಫಾ ಊರನ್ನು ಕುದುರೆ ಓಡಿಸಿ ಗೆದ್ದ ಕಥೆ ಕನ್ನಡಿಗರಿಗೆ ಹೊಸತಲ್ಲ. ಅವರು ‘ಡೆಸರ್ಟ್ ಮೌಂಟೆಡ್ ಕೋರ್’ ಎಂಬ ಕುದುರೆ ಕೋರ್‌ನ ಭಾಗವಾಗಿದ್ದರು ಎಂಬುದು ಮಾತ್ರ ಆ ಕಥೆಯಲ್ಲಿ ಬಿಟ್ಟುಹೋಗುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಇಂಫಾಲದಲ್ಲಿ 4ನೇ ಕೋರ್, ಕೊಹಿಮಾದಲ್ಲಿ 33ನೇ ಕೋರ್, ಬರ್ಮಾದ ಅರಕಾನ್‌ನಲ್ಲಿ 15ನೇ ಕೋರ್ ಹೋರಾಡಿದವು. ಇಂದು ತೇಜ್‌ಪುರ, ಸಿಲಿಗುರಿ ಬಳಿಯ ಸುಕನಾ ಮತ್ತು ಶ್ರೀನಗರದಲ್ಲಿರುವ ಕೋರ್‌ಗಳಿಗೆ ಅವೇ ಸಂಖ್ಯೆಗಳಿವೆ.

ಸ್ವತಂತ್ರ ಭಾರತದಲ್ಲಿ ಟೈಗ್ರಿಸ್ ಕೋರ್‌ನ ಕಥೆ ಒಮ್ಮೆ ಮರುಕಳಿಸಿತು. 1962ರ ಅಕ್ಟೋಬರ್ 4ರಂದು, 33ನೇ ಕೋರ್‌ನ ಕೈಯಿಂದ ನೇಫಾ (ಇಂದಿನ ಅರುಣಾಚಲ) ಪ್ರದೇಶವನ್ನು ಬಿಡಿಸಿ, ಲೆಫ್ಟಿನೆಂಟ್ ಜನರಲ್ ಬಿ. ಎಂ. ಕೌಲ್ ಅವರ ಕೈಗೆ ಹೊಸದಾಗಿ ಹುಟ್ಟಿಸಿದ 4ನೇ ಕೋರ್ ಅನ್ನು ಕೊಡಲಾಯಿತು. ಕಚೇರಿ ಹುಟ್ಟಿ 16 ದಿನಕ್ಕೆ, ಅಕ್ಟೋಬರ್ 20ರಂದು, ಚೀನೀಯರು ನಮ್ಕಾ ಚು ಹೊಳೆ ದಾಟಿ ಬಂದರು. ಅಷ್ಟರಲ್ಲಿ ಕೌಲ್ ಕಾಯಿಲೆ ಬಿದ್ದು ದೆಹಲಿಗೆ ಹೋಗಿದ್ದರು. ನಡುವೆ ಕೆಲವು ದಿನ ಹರ್ಬಕ್ಷ್ ಸಿಂಗ್ ಬಂದರು. ತಿಂಗಳ ಕೊನೆಗೆ ಮತ್ತೆ ಕೌಲ್ ಮರಳಿದರು. ಒಂದು ತಿಂಗಳಲ್ಲಿ ಕಮಾಂಡರ್ ಎರಡು ಬಾರಿ ಬದಲಾದ ಕೋರ್‌ನಿಂದ ಯಾವ ಯೋಜನೆ ನಿರೀಕ್ಷಿಸಬಹುದಿತ್ತು? ನವೆಂಬರ್ 19ರ ಹೊತ್ತಿಗೆ ಬೋಮ್ಡಿಲಾ ಕೈಬಿಟ್ಟಿತ್ತು. ಸೋಲಿಗೆ ಕಾರಣಗಳು ಹತ್ತಾರು, ಅವುಗಳಲ್ಲಿ ಅನೇಕವು ದೆಹಲಿಯಲ್ಲಿದ್ದವು. ಆದರೂ ಕೆಳಗಿನ ಬ್ರಿಗೇಡ್‌ಗಳ ಹೆಸರು, ನೆಲೆ, ಬಟ್ಟೆ-ಬೂಟಿನ ಸ್ಥಿತಿ ಸರಿಯಾಗಿ ತಿಳಿಯುವ ಮೊದಲೇ ಯುದ್ಧ ನಡೆಸಬೇಕಾದ ಕಚೇರಿ ಅದಾಗಿತ್ತು ಎಂಬುದನ್ನು ಮರೆಯಲಾಗದು.

ಅದೇ 4ನೇ ಕೋರ್ 1971ರಲ್ಲಿ ಲೆಫ್ಟಿನೆಂಟ್ ಜನರಲ್ ಸಗತ್ ಸಿಂಗ್ ಅವರ ಕೆಳಗೆ ಮೂರು ಮೌಂಟನ್ ಡಿವಿಷನ್‌ಗಳೊಂದಿಗೆ ತ್ರಿಪುರಾದ ಕಡೆಯಿಂದ ಪೂರ್ವ ಪಾಕಿಸ್ತಾನಕ್ಕೆ ನುಗ್ಗಿತು. ಮೇಘನಾ ನದಿಯ ದೊಡ್ಡ ಸೇತುವೆಯನ್ನು ಶತ್ರು ಒಡೆದು ಹಾಕಿದಾಗ, ಡಿಸೆಂಬರ್ 9ರಂದು ಎಂಐ-4 ಹೆಲಿಕಾಪ್ಟರ್‌ಗಳಲ್ಲಿ ಸೈನಿಕರನ್ನು ಆಚೆ ದಡಕ್ಕೆ ಇಳಿಸುವ ತೀರ್ಮಾನವನ್ನು ಸಗತ್ ಸಿಂಗ್ ಕೈಗೊಂಡರು. ಅದು ಕೋರ್ ಕಮಾಂಡರ್ ಮಾಡಬೇಕಾದ ತೀರ್ಮಾನವೇ: ಡಿವಿಷನ್‌ಗೆ ಹೆಲಿಕಾಪ್ಟರ್ ಮೇಲೆ ಹಿಡಿತವಿಲ್ಲ, ಕೋಲ್ಕತ್ತಾದ ಕಮಾಂಡ್ ಕಚೇರಿಗೆ ನದಿಯ ದಡ ಕಾಣದು. ಒಂದು ವಾರದಲ್ಲಿ ಢಾಕಾ ಶರಣಾಯಿತು. ಇಲ್ಲಿ ಆಕ್ಷೇಪವೊಂದನ್ನು ಎದುರಿಸಬೇಕು. ಅದೇ ಯುದ್ಧದಲ್ಲಿ ಹೋರಾಡಿದ 2ನೇ ಕೋರ್ ಹುಟ್ಟಿದ್ದೂ 1971ರ ಅಕ್ಟೋಬರ್‌ನಲ್ಲೇ. ಎರಡೇ ತಿಂಗಳಲ್ಲಿ ಅದು ಯುದ್ಧಕ್ಕಿಳಿದು ಜೆಸ್ಸೋರ್ ತೆಗೆದುಕೊಂಡಿತು. ತರಾತುರಿಯೇ ಸೋಲಿಗೆ ಕಾರಣವಾಗಿದ್ದರೆ ಅದೂ ಸೋಲಬೇಕಿತ್ತಲ್ಲವೆ? ವ್ಯತ್ಯಾಸವಿರುವುದು ಕೆಳಗಿನ ಡಿವಿಷನ್‌ಗಳಲ್ಲಿ. ಆ ವೇಳೆಗೆ ತಿಂಗಳುಗಟ್ಟಲೆ ಯೋಜನೆ ನಡೆದಿತ್ತು, ಡಿವಿಷನ್‌ಗಳು ತಂತಮ್ಮ ದಾರಿಯನ್ನು ಬಲ್ಲವಾಗಿದ್ದವು, ಆಕಾಶ ನಮ್ಮದಾಗಿತ್ತು. ಮೇಲಿನ ಕಚೇರಿ ಹೊಸದಾದರೂ ಕೆಳಗಿನ ಕಟ್ಟಡ ಹಳೆಯದಾಗಿತ್ತು.

ಈ ಸಗತ್ ಸಿಂಗ್ ಹೆಸರು ನಮ್ಮ ಕಡೆಯವರಿಗೆ ಇನ್ನೊಂದು ಕಾರಣಕ್ಕೆ ಪರಿಚಿತ. 1961ರ ಡಿಸೆಂಬರ್ 19ರಂದು ಪಣಜಿಗೆ ಕಾಲಿಟ್ಟ 50ನೇ ಪ್ಯಾರಾ ಬ್ರಿಗೇಡ್‌ನ ಬ್ರಿಗೇಡಿಯರ್ ಅವರೇ. ಗೋವಾ ಕಾರ್ಯಾಚರಣೆಯನ್ನು ನಡೆಸಿದ್ದು ಪುಣೆಯ ದಕ್ಷಿಣ ಕಮಾಂಡ್. ಪಡೆಗಳು ಜಮಾಯಿಸಿದ್ದು ಬೆಳಗಾವಿಯಲ್ಲಿ. ಮುಖ್ಯ ಪಡೆಯಾದ 17ನೇ ಡಿವಿಷನ್‌ನ ನಾಯಕ ಮೇಜರ್ ಜನರಲ್ ಕೆ. ಪಿ. ಕ್ಯಾಂಡೆತ್, ಮೇಲೆ ಪುಣೆಯಲ್ಲಿ ಲೆಫ್ಟಿನೆಂಟ್ ಜನರಲ್ ಜೆ. ಎನ್. ಚೌಧುರಿ. ಇದೇ ಚೌಧುರಿ 1948ರ ಸೆಪ್ಟೆಂಬರ್ 13ರಂದು ಸೊಲ್ಲಾಪುರದ ಕಡೆಯಿಂದ ಹೈದರಾಬಾದ್ ಸಂಸ್ಥಾನದೊಳಕ್ಕೆ ನುಗ್ಗಿದ ಪಡೆಯ ನಾಯಕರಾಗಿದ್ದರು. ಆಗಲೂ ಮೇಲಿದ್ದುದು ಪುಣೆಯ ಕಚೇರಿ, ಅದರ ಮುಖ್ಯಸ್ಥರು ಮಹಾರಾಜ್ ರಾಜೇಂದ್ರಸಿಂಹಜಿ. ಸೆಪ್ಟೆಂಬರ್ 17ರಂದು ನಿಜಾಮ ಸೋಲೊಪ್ಪಿದ. ಕಲಬುರಗಿ, ಬೀದರ್, ರಾಯಚೂರು ಸೀಮೆಯಿಂದ ಪುಣೆಗೆ ಬಂದು ನೆಲೆಸಿದ ಕುಟುಂಬಗಳು ಆ ದಿನವನ್ನು ಇಂದಿಗೂ ನೆನೆಯುತ್ತವೆ. ಎರಡೂ ಕಾರ್ಯಾಚರಣೆಗಳಲ್ಲಿ ಪುಣೆ ಮತ್ತು ಡಿವಿಷನ್‌ಗಳ ನಡುವೆ ಕೋರ್ ಎಂಬ ಮೆಟ್ಟಿಲು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಹತ್ತಿರದ ನೆಲ, ಮುಖ್ಯವಾಗಿ ಒಂದೊಂದೇ ಡಿವಿಷನ್, ಎಣಿಸಿದಷ್ಟು ದಿನ.

ಮೂರನೆಯ ಬಾರಿ ಈ ಲೆಕ್ಕ ಹಿಡಿಯಲಿಲ್ಲ. 1971ರ ಡಿಸೆಂಬರ್‌ನಲ್ಲಿ ದಕ್ಷಿಣ ಕಮಾಂಡ್‌ನ ಹೊಣೆ ರಾಜಸ್ಥಾನದ ಮರುಭೂಮಿಯಿಂದ ಕಛ್‌ವರೆಗೆ ಹಬ್ಬಿತ್ತು. ಅದರ ಮುಖ್ಯಸ್ಥರು ಲೆಫ್ಟಿನೆಂಟ್ ಜನರಲ್ ಜಿ. ಜಿ. ಬೇವೂರ್, ಕೈಯಲ್ಲಿದ್ದವು ಜೈಸಲ್ಮೇರ್ ಕಡೆ 12ನೇ ಡಿವಿಷನ್, ಬಾಡ್ಮೇರ್ ಕಡೆ 11ನೇ ಡಿವಿಷನ್. ನಡುವೆ ಕೋರ್ ಇಲ್ಲ. ಪುಣೆಯಿಂದ ಜೈಸಲ್ಮೇರ್‌ಗೆ ನೇರ ಗೆರೆ ಎಳೆದರೂ ಸುಮಾರು ಸಾವಿರ ಕಿಲೋಮೀಟರ್. ಪಾಕಿಸ್ತಾನದ ರಹೀಂ ಯಾರ್ ಖಾನ್ ಎಂಬ ಊರಿನ ಕಡೆಗೆ ನುಗ್ಗಬೇಕೆಂದು 12ನೇ ಡಿವಿಷನ್ ಹವಣಿಸುತ್ತಿರುವಾಗಲೇ, ಡಿಸೆಂಬರ್ 4-5ರ ರಾತ್ರಿ ಪಾಕಿಸ್ತಾನದ ಟ್ಯಾಂಕುಗಳು ಲೋಂಗೇವಾಲಾಕ್ಕೆ ಬಂದವು. 23ನೇ ಪಂಜಾಬ್ ಬೆಟಾಲಿಯನ್‌ನ ಒಂದು ಕಂಪನಿ ಬೆಳಗಿನವರೆಗೆ ನಿಂತಿತು. ಬೆಳಕು ಹರಿದ ಮೇಲೆ ಜೈಸಲ್ಮೇರ್‌ನಿಂದ ಹಾರಿದ ಹಂಟರ್ ವಿಮಾನಗಳು ಟ್ಯಾಂಕುಗಳನ್ನು ಸುಟ್ಟವು. ಈ ಸಾಹಸವನ್ನು ನಾವೆಲ್ಲ ಕೇಳಿ ಬೆಳೆದಿದ್ದೇವೆ. ಕಡಿಮೆ ಕೇಳಿದ್ದು ಅದರ ಮುಂದಿನ ಭಾಗ: 12ನೇ ಡಿವಿಷನ್‌ನ ಸ್ವಂತ ದಾಳಿ ಅಲ್ಲಿಗೇ ಕೈಬಿಟ್ಟುಹೋಯಿತು. ದಕ್ಷಿಣಕ್ಕೆ 11ನೇ ಡಿವಿಷನ್ ಮರಳಿನಲ್ಲಿ ಬಹುದೂರ ಸಾಗಿ ನಯಾ ಚೋರ್‌ನ ಬಳಿ ಬಂದು ನಿಂತಿತು. ಒಂದೇ ಮರುಭೂಮಿಯಲ್ಲಿ ಎರಡು ಡಿವಿಷನ್‌ಗಳು ಎರಡು ಬೇರೆ ಯುದ್ಧಗಳನ್ನು ಮಾಡಿದವು. ಒಂದರ ದಾಳಿ ನಿಂತೊಡನೆ ಅದರ ಬಲವನ್ನು ಇನ್ನೊಂದರ ಬೆನ್ನಿಗೆ ತಿರುಗಿಸಬಲ್ಲ ಕಚೇರಿ ಜೋಧ್‌ಪುರದಲ್ಲಿ ಇದ್ದಿದ್ದರೆ ಫಲಿತಾಂಶ ಬೇರೆಯಾಗುತ್ತಿತ್ತೇ ಎಂಬುದು ಊಹೆಯ ಮಾತು. ನನ್ನ ಮಟ್ಟಿಗೆ ಹೌದು ಎನ್ನುತ್ತೇನೆ.

ಆ ಕಚೇರಿ ಬಂದದ್ದು 16 ವರ್ಷಗಳ ಬಳಿಕ. ಜನರಲ್ ಸುಂದರ್‌ಜಿ ಭೂಸೇನೆಯ ಮುಖ್ಯಸ್ಥರಾಗಿದ್ದಾಗ 1986-87ರ ಚಳಿಗಾಲದಲ್ಲಿ ರಾಜಸ್ಥಾನದಲ್ಲಿ ‘ಬ್ರಾಸ್‌ಟ್ಯಾಕ್ಸ್’ ಎಂಬ ಭಾರಿ ಸಮರಾಭ್ಯಾಸ ನಡೆಯಿತು. 1987ರಲ್ಲೇ ಜೋಧ್‌ಪುರದಲ್ಲಿ 12ನೇ ಕೋರ್ ತಲೆಯೆತ್ತಿತು. ದಕ್ಷಿಣ ಕಮಾಂಡ್‌ನ ಇನ್ನೊಂದು ಕೋರ್ ಹುಟ್ಟಿದ ಬಗೆ ಮತ್ತಷ್ಟು ವಿಚಿತ್ರ. 1987ರ ಜುಲೈನ ಭಾರತ-ಶ್ರೀಲಂಕಾ ಒಪ್ಪಂದದ ಬಳಿಕ ಶ್ರೀಲಂಕಾಕ್ಕೆ ಶಾಂತಿಪಾಲನಾ ಪಡೆ ಹೋದಾಗ ಅದರ ಒಟ್ಟಾರೆ ಹೊಣೆ ದಕ್ಷಿಣ ಕಮಾಂಡ್‌ನ ಮುಖ್ಯಸ್ಥರ ಮೇಲೆ ಬಿತ್ತು. ಮೊದಲು ಸಿಕಂದರಾಬಾದ್‌ನ 54ನೇ ಡಿವಿಷನ್ ಹೋಯಿತು. ಕೆಲಸ ಹೆಚ್ಚಿದಂತೆ ನಾಲ್ಕು ಡಿವಿಷನ್‌ಗಳಾದವು. ಅವನ್ನು ನಡೆಸಲು ಪ್ರತ್ಯೇಕ ಕಚೇರಿ ಬೆಳೆಯಿತು. 1990ರ ಮಾರ್ಚ್‌ನಲ್ಲಿ ಕೊನೆಯ ಸೈನಿಕರು ಮರಳಿದರು. ಡಿವಿಷನ್‌ಗಳು ತಂತಮ್ಮ ಊರಿಗೆ ಹೋದವು, ಆದರೆ ಕಚೇರಿಯನ್ನು ಬರಖಾಸ್ತು ಮಾಡಲಿಲ್ಲ. ಅದನ್ನೇ ಅದೇ ವರ್ಷ 21ನೇ ಕೋರ್ ಆಗಿ ಮಾರ್ಪಡಿಸಲಾಯಿತು. ಇಂದು ಅದು ಭೋಪಾಲ್‌ನಲ್ಲಿದೆ. ಕಾಡುಯುದ್ಧದಲ್ಲಿ ಪಳಗಿದ ಕಚೇರಿಯನ್ನು ಟ್ಯಾಂಕ್ ಯುದ್ಧದ ಕೋರ್ ಮಾಡಿದ್ದು ಮೇಲ್ನೋಟಕ್ಕೆ ಅಸಂಗತ. ಆದರೆ ನಾಲ್ಕು ಡಿವಿಷನ್‌ಗಳನ್ನು ಒಟ್ಟಿಗೆ ನಡೆಸಿ ಅಭ್ಯಾಸವಾದ ಕಚೇರಿ ದಿನವೂ ಸಿಗುವ ವಸ್ತುವಲ್ಲ ಎಂದು ಯಾರೋ ಸರಿಯಾಗಿಯೇ ಎಣಿಸಿದ್ದರು.

ಕೋರ್‌ಗಳು ಹೀಗೆ ಒಂದರಿಂದೊಂದು ಕವಲೊಡೆಯುತ್ತ ಬಂದಿವೆ. ಕಾಶ್ಮೀರದ 15ನೇ ಕೋರ್‌ನ ಹೊಣೆ ಅತಿಯಾದಾಗ 1972ರಲ್ಲಿ ನಗ್ರೋಟಾದಲ್ಲಿ 16ನೇ ಕೋರ್ ಬಂತು. ಕಾರ್ಗಿಲ್ ಯುದ್ಧದಲ್ಲಿ ಶ್ರೀನಗರದಿಂದಲೇ ಲಡಾಖನ್ನೂ ನೋಡಿಕೊಳ್ಳುವುದರ ತೊಂದರೆ ಬಯಲಾದ ಮೇಲೆ, 1999ರ ಸೆಪ್ಟೆಂಬರ್ 1ರಂದು ಲೇಹ್‌ನಲ್ಲಿ 14ನೇ ಕೋರ್ ಹುಟ್ಟಿತು. ಒಟ್ಟು ಕೋರ್‌ಗಳ ಎಣಿಕೆ 14 ಎನ್ನುವುದು ವಾಡಿಕೆ. ಇವುಗಳಲ್ಲಿ ಹೆಚ್ಚಿನವು ಗಡಿ ಕಾಯುವವು. ಮಥುರಾದ 1ನೇ, ಅಂಬಾಲಾದ 2ನೇ ಮತ್ತು ಭೋಪಾಲ್‌ನ 21ನೇ ಕೋರ್‌ಗಳು ಶತ್ರುನೆಲಕ್ಕೆ ನುಗ್ಗಲೆಂದೇ ಇಟ್ಟ ‘ಸ್ಟ್ರೈಕ್ ಕೋರ್’ಗಳು. ಚೀನಾ ಗಡಿಗೆಂದು 2013ರಲ್ಲಿ ಮಂಜೂರಾಗಿ ಮರುವರ್ಷ ರೂಪುಗೊಂಡ 17ನೇ ಕೋರ್ ಈಗ ಪಾನಾಗಢದಲ್ಲಿದೆ. ಸುಮಾರು 90,000 ಜನ ಮತ್ತು 64,000 ಕೋಟಿ ರೂಪಾಯಿಯ ಲೆಕ್ಕದಲ್ಲಿ ಹೊರಟ ಆ ಯೋಜನೆ ಹಣ ಸಾಲದೆ ಅರ್ಧಕ್ಕೆ ನಿಂತಿತು. 2021ರ ಹೊತ್ತಿಗೆ ಮಥುರಾದ ಕೋರ್‌ನ ಮುಖವನ್ನೇ ಪಾಕಿಸ್ತಾನದಿಂದ ಚೀನಾದತ್ತ ತಿರುಗಿಸಬೇಕಾಯಿತು.

ಸ್ಟ್ರೈಕ್ ಕೋರ್‌ನ ಕಲ್ಪನೆಗೆ ದೊಡ್ಡ ಪೆಟ್ಟು ಬಿದ್ದದ್ದು ಯುದ್ಧವಿಲ್ಲದ ವರ್ಷದಲ್ಲಿ. 2001ರ ಡಿಸೆಂಬರ್ 13ರ ಸಂಸತ್ ದಾಳಿಯ ಬಳಿಕ ‘ಪರಾಕ್ರಮ್’ ಹೆಸರಿನಲ್ಲಿ ಸೇನೆ ಗಡಿಗೆ ಹೊರಟಿತು. ದೇಶದ ಒಳನಾಡಿನಲ್ಲಿದ್ದ ಸ್ಟ್ರೈಕ್ ಕೋರ್‌ಗಳು ರೈಲುಗಳಲ್ಲಿ ಟ್ಯಾಂಕ್ ಏರಿಸಿ ಮರುಭೂಮಿ ಸೇರುವಷ್ಟರಲ್ಲಿ ಸುಮಾರು ಮೂರು ವಾರ ಕಳೆದಿತ್ತು. 2002ರ ಜನವರಿ 12ರಂದು ಪಾಕಿಸ್ತಾನದ ಅಧ್ಯಕ್ಷ ಮುಷರಫ್ ಟೀವಿಯಲ್ಲಿ ಭಾಷಣ ಮಾಡಿದ್ದರು, ಅಮೆರಿಕದ ಒತ್ತಡ ಕೆಲಸ ಮಾಡಿತ್ತು, ದಾಳಿಯ ಗಳಿಗೆ ಮೀರಿತ್ತು. ಗದೆ ಎಷ್ಟು ಭಾರವಾದರೇನು, ಎತ್ತುವಷ್ಟರಲ್ಲಿ ಎದುರಾಳಿ ಪಂಚಾಯಿತಿ ಸೇರಿಸಿ ಕುಳಿತಿದ್ದರೆ? ವಾರಗಟ್ಟಲೆ ಜಮಾಯಿಸದೆ ಒಡನೆಯೇ ದಾಳಿಗೆ ಹೊರಡಬೇಕೆಂಬ ‘ಕೋಲ್ಡ್ ಸ್ಟಾರ್ಟ್’ ಚಿಂತನೆ ಹುಟ್ಟಿದ್ದು ಇಲ್ಲಿಂದ. ಅದರ ಮೊಮ್ಮಗುವಿನಂತೆ ಬಂದದ್ದು, ಡಿವಿಷನ್‌ಗಿಂತ ಚಿಕ್ಕದಾದ, ಎಲ್ಲ ಆಯುಧಗಳನ್ನೂ ಒಳಗೊಂಡ, ಗಂಟೆಗಳ ಲೆಕ್ಕದಲ್ಲಿ ಹೊರಡಬಲ್ಲ ‘ಇಂಟಿಗ್ರೇಟೆಡ್ ಬ್ಯಾಟಲ್ ಗ್ರೂಪ್’. 2019ರ ಅಕ್ಟೋಬರ್‌ನಲ್ಲಿ 17ನೇ ಕೋರ್ ಅದನ್ನು ಅರುಣಾಚಲದಲ್ಲಿ ‘ಹಿಮ್ ವಿಜಯ್’ ಅಭ್ಯಾಸದಲ್ಲಿ ಪರೀಕ್ಷಿಸಿತು. 2025ರ ಜುಲೈ 26ರಂದು ದ್ರಾಸ್‌ನಲ್ಲಿ ಸೇನಾ ಮುಖ್ಯಸ್ಥ ಜನರಲ್ ಉಪೇಂದ್ರ ದ್ವಿವೇದಿ ಪ್ರಕಟಿಸಿದ ‘ರುದ್ರ’ ಬ್ರಿಗೇಡ್‌ಗಳೂ ಇದೇ ವಂಶದವು: ಕಾಲಾಳು, ಟ್ಯಾಂಕ್, ಫಿರಂಗಿ, ವಿಶೇಷ ಪಡೆ, ಡ್ರೋನ್ ಎಲ್ಲವೂ ಒಂದೇ ಬ್ರಿಗೇಡ್‌ನೊಳಗೆ. ನೆಪೋಲಿಯನ್ ಕೋರ್‌ಗೆ ಕೊಟ್ಟಿದ್ದ ಸ್ವಯಂಪೂರ್ಣತೆ ಇಂದು ಎರಡು ಮೆಟ್ಟಿಲು ಕೆಳಗಿಳಿದು ಬ್ರಿಗೇಡ್‌ಗೆ ಬಂದಿದೆ ಎನ್ನಬಹುದು.

ಹಾಗಾದರೆ ಮೇಲಿನ ಕೋರ್‌ಗೆ ಉಳಿಯುವ ಕೆಲಸವೇನು? 2025ರ ಮೇ 7ರಿಂದ 10ರವರೆಗಿನ ಆಪರೇಷನ್ ಸಿಂಧೂರದಲ್ಲಿ ಕ್ಷಿಪಣಿ, ಡ್ರೋನ್, ಫಿರಂಗಿಗಳೇ ಮಾತನಾಡಿದವು. ಯಾವ ಸ್ಟ್ರೈಕ್ ಕೋರೂ ಗಡಿ ದಾಟಲಿಲ್ಲ. ಇದನ್ನು ಕಂಡು ದೊಡ್ಡ ಕೋರ್‌ಗಳ ಕಾಲ ಮುಗಿಯಿತು ಎನ್ನುವವರಿದ್ದಾರೆ. ನನಗೆ ಇದು ಅವಸರದ ತೀರ್ಮಾನವಾಗಿ ತೋರುತ್ತದೆ, ಮತ್ತು ಉಕ್ರೇನ್‌ನ ಅನುಭವ ಅದಕ್ಕೆ ವಿರುದ್ಧವಾಗಿದೆ. ಅಲ್ಲಿ ಮೂರು ವರ್ಷ ಬ್ರಿಗೇಡ್‌ಗಳನ್ನು ತಾತ್ಕಾಲಿಕ ಕಚೇರಿಗಳು ನಡೆಸಿದವು. ಇಂದು ಈ ಕಚೇರಿಯಡಿ, ನಾಳೆ ಇನ್ನೊಂದರಡಿ ಎಂದು ಬ್ರಿಗೇಡ್‌ಗಳನ್ನು ತುಂಡರಿಸಿ ಕಳಿಸಿದ್ದರಿಂದ, ತನ್ನ ಕೈಕೆಳಗಿನವರ ಶಕ್ತಿ-ದೌರ್ಬಲ್ಯ ಯಾವ ಕಮಾಂಡರ್‌ಗೂ ಗೊತ್ತಾಗುತ್ತಿರಲಿಲ್ಲ. ಡ್ರೋನ್‌ಗಳ ಯುದ್ಧವೆಂದೇ ಹೆಸರಾದ ಆ ಯುದ್ಧದ ನಡುವೆಯೇ, 2025ರಲ್ಲಿ, ಉಕ್ರೇನ್ ತನ್ನ ಸೇನೆಯನ್ನು ಸ್ಥಿರವಾದ ಕೋರ್‌ಗಳಾಗಿ ಮರುಜೋಡಿಸಲು ಹೊರಟಿತು. ಚೀನಾ 2016ರಲ್ಲಿ ಏಳು ಸೇನಾ ವಲಯಗಳನ್ನು ಐದು ಥಿಯೇಟರ್ ಕಮಾಂಡ್‌ಗಳಾಗಿ ಮಾಡಿತು. ಮರುವರ್ಷ ತನ್ನ 18 ‘ಗ್ರೂಪ್ ಆರ್ಮಿ’ಗಳನ್ನು 13ಕ್ಕೆ ಇಳಿಸಿತು. ಗ್ರೂಪ್ ಆರ್ಮಿ ಎಂದರೆ ಹೆಚ್ಚುಕಡಿಮೆ ನಮ್ಮ ಕೋರ್. ಚೀನಾ ಹೆಚ್ಚಾಗಿ ತೆಗೆದುಹಾಕಿದ್ದು ಡಿವಿಷನ್ ಎಂಬ ಮೆಟ್ಟಿಲನ್ನು.

ಯಾವ ಮೆಟ್ಟಿಲನ್ನು ತೆಗೆಯಬೇಕು? ನಮ್ಮ ಚರ್ಚೆಯಲ್ಲಿ ಮಾತಿಗೆ ಬಾರದಿರುವುದು ಇದೇ. ಇಂದು ಭೂಸೇನೆಗೆ ಏಳು, ವಾಯುಸೇನೆಗೆ ಏಳು, ನೌಕಾಪಡೆಗೆ ಮೂರು, ಹೀಗೆ 17 ಪ್ರತ್ಯೇಕ ಕಮಾಂಡ್‌ಗಳಿವೆ. ಇವುಗಳ ಜಾಗದಲ್ಲಿ ಪಾಕಿಸ್ತಾನದ ಕಡೆಗೆ ಜೈಪುರದಿಂದ, ಚೀನಾದ ಕಡೆಗೆ ಲಕ್ನೋದಿಂದ, ಸಮುದ್ರದ ಕಡೆಗೆ ತಿರುವನಂತಪುರದಿಂದ ಮೂರು ಜಂಟಿ ಥಿಯೇಟರ್ ಕಮಾಂಡ್‌ಗಳು ನಡೆಯಬೇಕೆಂಬ ಪ್ರಸ್ತಾವ ಪತ್ರಿಕೆಗಳಲ್ಲಿ ಬಂದಿದೆ. ಮೂರೂ ಸೇನೆಯವರ ಮೇಲೆ ಒಬ್ಬನೇ ಕಮಾಂಡರ್‌ಗೆ ಶಿಸ್ತಿನ ಅಧಿಕಾರ ಕೊಡುವ ಕಾಯ್ದೆ 2023ರಲ್ಲೇ ಆಗಿ 2024ರ ಮೇ 10ರಿಂದ ಜಾರಿಯಲ್ಲಿದೆ. ವಾಯುಸೇನೆ ಒಪ್ಪುತ್ತದೆಯೇ, ಯಾರಿಗೆ ಎಷ್ಟು ನಕ್ಷತ್ರ ಎಂಬ ವಿಷಯಗಳೇ ಸುದ್ದಿಯಾಗುತ್ತಿವೆ. ಬ್ರಿಗೇಡ್‌ನಿಂದ ದೆಹಲಿಯವರೆಗೆ ಈಗ ಡಿವಿಷನ್, ಕೋರ್, ಕಮಾಂಡ್ ಎಂದು ಮೂರು ಮೆಟ್ಟಿಲುಗಳಿವೆ. ಮೇಲೆ ಥಿಯೇಟರ್ ಸೇರಿಸಿ ಕೆಳಗೆ ಯಾವುದನ್ನೂ ತೆಗೆಯದಿದ್ದರೆ ನಾಲ್ಕಾಗುತ್ತವೆ. ಗಂಟೆಗಳಲ್ಲಿ ಹೊರಡಬಲ್ಲ ರುದ್ರ ಬ್ರಿಗೇಡ್‌ನ ಕಡತ ನಾಲ್ಕು ಮೇಜುಗಳನ್ನು ದಾಟಬೇಕಾಗುತ್ತದೆ. ಚೀನೀಯರಂತೆ ಡಿವಿಷನ್ ತೆಗೆದರೆ ಕೋರ್‌ನ ಕೈಗೆ ನೇರವಾಗಿ ಏಳೆಂಟು ಬ್ರಿಗೇಡ್‌ಗಳು ಬರುತ್ತವೆ, ಅದಕ್ಕೆ ಕಚೇರಿ ಇಮ್ಮಡಿಯಾಗಬೇಕು. ಹಿಮಾಲಯದಲ್ಲಿ ಒಂದೊಂದು ಕಣಿವೆಯೂ ಒಂದೊಂದು ಲೋಕವಾಗಿರುವಾಗ ಡಿವಿಷನ್ ಬಿಡುವುದು ಕಷ್ಟ; ಮರುಭೂಮಿಯಲ್ಲಿ ಅದು ಸಾಧ್ಯ. ಹಳೆಯ ಕಮಾಂಡ್‌ಗಳನ್ನೇ ತೆಗೆದು ಕೋರ್‌ಗಳನ್ನು ನೇರವಾಗಿ ಥಿಯೇಟರ್‌ಗೆ ಜೋಡಿಸುವುದು ನನಗೆ ಹೆಚ್ಚು ಸರಿಯೆನಿಸುವ ದಾರಿ. ಪುಣೆಯಲ್ಲಿ ಕುಳಿತು ಇದನ್ನು ಬರೆಯುವುದು ತುಸು ಇರುಸುಮುರುಸಿನ ಕೆಲಸವೇ, ಏಕೆಂದರೆ ಹಾಗೆ ತೆಗೆಯುವ ಪಟ್ಟಿಯಲ್ಲಿ ದಕ್ಷಿಣ ಕಮಾಂಡ್ ಕೂಡ ಬರುತ್ತದೆ.

1895ರ ಏಪ್ರಿಲ್ 1ರಂದು ಬಂಗಾಳ, ಮದ್ರಾಸ್, ಬಾಂಬೆ ಪ್ರಾಂತ್ಯಗಳ (ಪ್ರೆಸಿಡೆನ್ಸಿ) ಸೇನೆಗಳನ್ನು ಒಂದುಗೂಡಿಸಿದಾಗ ಹುಟ್ಟಿದ ಈ ಕಮಾಂಡ್‌ನ ವ್ಯಾಪ್ತಿಯಲ್ಲಿ ದೇಶದ ನೆಲದ ಸುಮಾರು ಐದರಲ್ಲಿ ಎರಡು ಪಾಲು ಸೇರಿದೆ. ಅದರ ಕೆಲಸ ಎರಡು ಬಗೆಯದು. ಒಂದು, ಜೋಧ್‌ಪುರ ಮತ್ತು ಭೋಪಾಲ್‌ನ ಕೋರ್‌ಗಳ ಮೂಲಕ ಗಡಿಯ ಯುದ್ಧ. ಇನ್ನೊಂದು, ‘ಏರಿಯಾ’, ‘ಸಬ್ ಏರಿಯಾ’ ಎಂಬ ಕಚೇರಿಗಳ ಮೂಲಕ ತರಬೇತಿ ಶಾಲೆ, ಆಸ್ಪತ್ರೆ, ಜಮೀನು, ನಿವೃತ್ತರ ಯೋಗಕ್ಷೇಮ, ನೆರೆಹಾವಳಿಯಲ್ಲಿ ನೆರವು. ಖಡಕಿ, ಘೋರ್ಪಡಿ, ಕ್ಯಾಂಪ್ ಭಾಗದಲ್ಲಿ ನೆಲೆಸಿರುವ ನಮ್ಮ ಬೆಳಗಾವಿ, ವಿಜಯಪುರ ಕಡೆಯ ನಿವೃತ್ತ ಯೋಧರಿಗೆ ಕಮಾಂಡ್ ಎಂದರೆ ಈ ಎರಡನೆಯದೇ. ತಾವು ಯಾವ ಪಲ್ಟನ್‌ನವರೆಂದು ಅವರು ಎದೆಯುಬ್ಬಿಸಿ ಹೇಳುತ್ತಾರೆ. ಯಾವ ಕೋರ್ ಎಂದು ಕೇಳಿದರೆ ಒಂದು ಗಳಿಗೆ ಯೋಚಿಸುತ್ತಾರೆ. ಸಹಜವೇ: ಪಲ್ಟನ್ ಜೀವಮಾನದ್ದು, ಕೋರ್‌ನ ಗುರುತು ವರ್ಗಾವಣೆಯೊಂದಿಗೆ ತೋಳಿನ ಮೇಲೆ ಬದಲಾಗುವ ಬಟ್ಟೆಯ ತುಂಡು. ಪ್ರಸ್ತಾವ ಜಾರಿಯಾದರೆ ಈ ಎರಡನೆಯ ಕೆಲಸ ಪುಣೆಯಲ್ಲೇ ಉಳಿಯುವ ಸಾಧ್ಯತೆ ಹೆಚ್ಚು. ಮೊದಲನೆಯದು ಜೈಪುರಕ್ಕೆ ಹೋಗುತ್ತದೆ. 2025ರ ಅಕ್ಟೋಬರ್ ಕೊನೆಯಿಂದ ನವೆಂಬರ್‌ವರೆಗೆ ರಾಜಸ್ಥಾನ ಮತ್ತು ಗುಜರಾತ್ ಗಡಿಯಲ್ಲಿ ಮೂರೂ ಸೇನೆಗಳು ಸೇರಿ ನಡೆಸಿದ ‘ತ್ರಿಶೂಲ್’ ಅಭ್ಯಾಸದಲ್ಲಿ ಭೂಸೇನೆಯ ಭಾಗವನ್ನು ನೋಡಿಕೊಂಡದ್ದು ದಕ್ಷಿಣ ಕಮಾಂಡ್. ಪುಣೆಯಿಂದ ಜೋಧ್‌ಪುರಕ್ಕೆ ನೇರ ಗೆರೆಯಲ್ಲಿ ಸುಮಾರು 870 ಕಿಲೋಮೀಟರ್. ಜೈಪುರದಿಂದ 300ಕ್ಕೂ ಕಡಿಮೆ.